ಲಿಬಿಯಾದಲ್ಲಿ ಬಿದ್ದಿದ್ದಲ್ಲ ಕಣೋ

ಗುಂಪು: ಹತ್ತನೇ ಕ್ಲಾಸ್ ‘ಬಿ’ ಸೆಕ್ಷನ್

ರಘು (ಹಲವು ಬಾರಿ ಫಾರ್ವರ್ಡ್ ಆಗಿದೆ)
ಓದಲೇಬೇಕಾದ ಬದುಕು!! ಮಕ್ಕಳ ಸಾಹಿತಿ ರೋಲ್ಡ್ ಡಾಲ್ ಯುದ್ಧ ವಿಮಾನದ ಪೈಲಟ್. ಲಿಬಿಯಾದಲ್ಲಿ ಶತ್ರುಗಳು ಅವರ ವಿಮಾನ ಹೊಡೆದುರುಳಿಸಿದರು. ಮಗನ ತಲೆಗೆ ಪೆಟ್ಟಾದಾಗ ತಾವೇ ವಾಲ್ವ್ ಕಂಡುಹಿಡಿದು ಉಳಿಸಿಕೊಂಡರು. ಲಸಿಕೆ ಹಾಕಿಸದೆ ಮಗಳನ್ನು ಕಳೆದುಕೊಂಡರು. ಶಾಲೆಯಲ್ಲಿ ಅವರನ್ನು ಬಡಿದ ಹೆಡ್‌ಮಾಸ್ಟರೇ ಮುಂದೆ ರಾಣಿಗೆ ಕಿರೀಟ ತೊಡಿಸಿದರು! 🙏🙏

ಮಂಜು
ರಘು, ನಾಲ್ಕು ಸಂಗತಿ, ನಾಲ್ಕೂ ತಪ್ಪು. ಇದಕ್ಕೂ ಪ್ರತಿಭೆ ಬೇಕು.

ರಘು
ಪೈಲಟ್ ಆಗಿರ್ಲಿಲ್ವಾ?

ಮಂಜು
ಪೈಲಟ್ ಹೌದು. ಹೊಡೆದು ಬೀಳಿಸಿದ್ದು ಸುಳ್ಳು. 1940ರ ಸೆಪ್ಟೆಂಬರ್ 19. ಸೂಯೆಜ್ ಕಾಲುವೆ ಪಕ್ಕದ ಅಬು ಸುವೈರ್‌ನಿಂದ ಗ್ಲಾಡಿಯೇಟರ್ ಅನ್ನೋ ಯುದ್ಧ ವಿಮಾನ ತಗೊಂಡು ಬ್ರಿಟಿಷ್ ವಾಯುಪಡೆಯ 80ನೇ ಸ್ಕ್ವಾಡ್ರನ್ ಸೇರೋಕೆ ಹೊರಟಿದ್ದ. ಆ ಜಾತಿ ವಿಮಾನ ಅದಕ್ಕೂ ಮುಂಚೆ ಅವನು ಹಾರಿಸೇ ಇರ್ಲಿಲ್ಲ. ದಾರೀಲಿ ಎರಡು ಕಡೆ ಪೆಟ್ರೋಲ್ ತುಂಬಿಸ್ದ. ಎರಡನೇ ಕಡೆ, ಫೂಕಾದಲ್ಲಿ, ಸ್ಕ್ವಾಡ್ರನ್ ಇರೋ ಜಾಗ ಅಂತ ಹೇಳಿದ್ದು ಮೆರ್ಸಾ ಮತ್ರೂಹ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ. ಅಲ್ಲಿ ಹೋದ್ರೆ ಬರೀ ಮರಳು. ಗುರುತು ಹಿಡಿಯೋಕೆ ರಸ್ತೆ ಇಲ್ಲ, ಹಳ್ಳ ಇಲ್ಲ. ಕತ್ತಲಾಗ್ತಿದೆ, ಪೆಟ್ರೋಲ್ ಮುಗೀತಿದೆ. ಇಳಿಸೋಕೆ ಹೋದಾಗ ಚಕ್ರ ಬಂಡೆಗೆ ಬಡೀತು, ಮೂತಿ ನೆಲಕ್ಕೆ ಹೊಡ್ಕೊಂಡಿತು. ಗ್ಲಾಡಿಯೇಟರ್ ಚಕ್ರ ಒಳಗೆ ಮಡಚ್ಕೊಳ್ಳಲ್ಲ, ಸದಾ ಕೆಳಗೇ ಇರುತ್ತೆ. ಕಲ್ಲು ನೆಲದಲ್ಲಿ ಅದು ಸಿಕ್ಕಿಹಾಕ್ಕೊಂಡ್ರೆ ಇಡೀ ವಿಮಾನ ಮುಗ್ಗರಿಸ್ಲೇಬೇಕು. ತಲೆಬುರುಡೆ ಬಿರುಕು, ಮೂಗು ಪುಡಿ, ವಾರಗಟ್ಲೆ ಕಣ್ಣು ಕಾಣ್ಲಿಲ್ಲ. ಉರಿಯೋ ಬೆಂಕಿಗೆ ಅವನದೇ ಮಷಿನ್‌ಗನ್ ಗುಂಡು ಸಿಡೀತಿದ್ವು. ಅವತ್ತು ಹಾರಿದ ಗುಂಡು ಅಂದ್ರೆ ಅಷ್ಟೇ.

ಮಂಜು
ಅದೂ ಈಜಿಪ್ಟಲ್ಲಿ.

ರಘು
ಲಿಬಿಯಾ ಅನ್ನೋದನ್ನ ಸುಮ್ನೆ ಯಾರಾದ್ರೂ ಯಾಕೆ ಹುಟ್ಟಿಸ್ತಾರೆ?

ಸುಧಾ
ನಿನ್ನ ಫಾರ್ವರ್ಡ್‌ನೋರಲ್ಲ ಕಣೋ, ಅದು ಅವನ ಮೊದಲನೇ ಬರಹದಲ್ಲೇ ಇದೆ. 1942ರಲ್ಲಿ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರೀಲಿದ್ದ. ಕಾದಂಬರಿಕಾರ ಸಿ.ಎಸ್. ಫಾರೆಸ್ಟರ್ ಊಟಕ್ಕೆ ಕರೆದು, ‘ನಿನ್ನ ಅನುಭವ ಟಿಪ್ಪಣಿ ಮಾಡಿ ಕೊಡು, ನಾನು ಬರೀತೀನಿ’ ಅಂದ್ರು. ಇವನು ಪೂರ್ತಿ ಕಥೇನೇ ಬರೆದುಕೊಟ್ಟ. ಆಗಸ್ಟ್‌ನಲ್ಲಿ ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಅದನ್ನ ‘ಶಾಟ್ ಡೌನ್ ಓವರ್ ಲಿಬಿಯಾ’ ಅಂತ ಅಚ್ಚು ಹಾಕ್ತು. ಯುದ್ಧದ ಪ್ರಚಾರ ಕಾಲ, ದಾರಿ ತಪ್ಪಿ ಬಿದ್ದ ಅಂದ್ರೆ ಯಾರು ಓದ್ತಾರೆ? ಸರಿಯಾದ ಕಥೆ ಹೇಳೋಕೆ 1986ರ ಅವನ ‘ಗೋಯಿಂಗ್ ಸೋಲೋ’ ಪುಸ್ತಕದವರೆಗೆ ಹೋಗ್ಬೇಕಾಯ್ತು.

ಡಾ. ಪ್ರಕಾಶ್
ವಾಲ್ವ್ ವಿಷಯ ನನಗೆ ಬಿಡಿ. 1960 ಡಿಸೆಂಬರ್, ನ್ಯೂಯಾರ್ಕ್. ನಾಲ್ಕು ತಿಂಗಳ ಮಗ ಥಿಯೋ ಇದ್ದ ತಳ್ಳೋ ಗಾಡಿಗೆ ಟ್ಯಾಕ್ಸಿ ಗುದ್ದಿತು. ಪೆಟ್ಟಾದ ಮೇಲೆ ಮಿದುಳಿನೊಳಗೆ ನೀರು ತುಂಬ್ತಾ ಬಂತು. ಅದನ್ನ ಕೊಳವೆ ಹಾಕಿ ರಕ್ತನಾಳಕ್ಕೆ ಹರಿಸ್ಬೇಕು, ರಕ್ತ ಮಾತ್ರ ವಾಪಸ್ ಮೇಲೇರಬಾರದು. ಅದಕ್ಕೇ ನಡುವೆ ವಾಲ್ವ್. ಆಗ ಇದ್ದಿದ್ದು ಹೋಲ್ಟರ್ ವಾಲ್ವ್, ರಬ್ಬರಿನಲ್ಲಿ ಸಣ್ಣ ಸೀಳು. ಪೆಟ್ಟು ಬಿದ್ದ ಮಿದುಳಿನ ನೀರಲ್ಲಿ ಕಸ ಜಾಸ್ತಿ, ಸೀಳು ಕಟ್ಕೊಳ್ಳೋದು. ಕಟ್ಟಿದಾಗೆಲ್ಲ ಜ್ವರ, ಕಣ್ಣು ಮಂಜು, ಮತ್ತೆ ಆಪರೇಷನ್.

ಡಾಲ್ ಮಾಡಿದ್ದು ಜನರನ್ನ ಕೂಡಿಸೋ ಕೆಲಸ. ಸ್ಟ್ಯಾನ್ಲಿ ವೇಡ್ ಅಂತ ಹೈಡ್ರಾಲಿಕ್ ಎಂಜಿನಿಯರ್, ಆಟಿಕೆ ವಿಮಾನದ ಎಂಜಿನ್‌ಗೆ ಕಟ್ಟಿಕೊಳ್ಳದ ಪುಟಾಣಿ ಪಂಪ್ ಮಾಡ್ತಿದ್ದ. ಅವನನ್ನ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಸರ್ಜನ್ ಕೆನೆತ್ ಟಿಲ್ ಜೊತೆ ಕೂರಿಸ್ದ. ಸೀಳಿನ ಬದಲು ಎರಡು ಲೋಹದ ಬಿಲ್ಲೆ, ಸಿಲಿಕೋನ್ ಕೊಳವೆಯ ಎರಡು ತುದಿಗೆ ಒಂದೊಂದು. ಮೇಲಿಂದ ನೀರು ಒತ್ತಿದ್ರೆ ಬಿಲ್ಲೆ ಸರಿದು ದಾರಿ ಬಿಡುತ್ತೆ, ಕೆಳಗಿಂದ ಒತ್ತಿದ್ರೆ ಮುಚ್ಕೊಳ್ಳುತ್ತೆ. 1962ರ ಜೂನಲ್ಲಿ ಮೊದಲ ಸಲ ಹಾಕಿದ್ರು, ಆಮೇಲೆ ಸುಮಾರು 3000 ಮಕ್ಕಳಿಗೆ. ಮೂವರೂ ಲಾಭ ತಗೊಳ್ಳಲ್ಲ ಅಂತ ಮಾತಾಡ್ಕೊಂಡಿದ್ರು. ಆದ್ರೆ ಥಿಯೋಗೆ ಹಾಕಲೇ ಇಲ್ಲ ಕಣೋ, ಅಷ್ಟೊತ್ತಿಗೆ ಅವನಿಗೆ ಬೇಕಾಗಿರ್ಲಿಲ್ಲ.

ಹೋಲ್ಟರ್ ಕೂಡ ತನ್ನ ಮಗನಿಗಾಗಿ ವಾಲ್ವ್ ಮಾಡಿದ ಕಾರ್ಖಾನೆ ಮನುಷ್ಯ. ಅವನ ಹೆಸರಲ್ಲಿ ಯಾರೂ ಫಾರ್ವರ್ಡ್ ಕಳಿಸಲ್ಲ.

ಡಾ. ಪ್ರಕಾಶ್
‘ಲಸಿಕೆ ಹಾಕಿಸದೆ’ ಅನ್ನೋದು ಮಾತ್ರ ಅನ್ಯಾಯ. ಮಗಳು ಒಲಿವಿಯಾ ದಡಾರದಿಂದ ಸತ್ತಿದ್ದು 1962ರ ನವೆಂಬರ್, ಏಳು ವರ್ಷ ವಯಸ್ಸು. ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದೇ 1963, ಬ್ರಿಟನ್ನಲ್ಲಿ 1968. ಇಲ್ಲದ ಲಸಿಕೆ ಎಲ್ಲಿಂದ ಹಾಕಿಸೋದು? ಗುಣ ಆಗ್ತಿದ್ದಾಳೆ ಅಂತ ಡಾಲ್ ಮಂಚದ ಮೇಲೆ ಕೂತು ಬಣ್ಣದ ಪೈಪ್‌ಕ್ಲೀನರಲ್ಲಿ ಪ್ರಾಣಿ ಮಾಡೋದು ಹೇಳಿಕೊಡ್ತಿದ್ದ. ಅವಳ ಬೆರಳಿಗೂ ಮನಸ್ಸಿಗೂ ತಾಳೆ ಆಗ್ತಿಲ್ಲ ಅಂತ ಆಗ ಗೊತ್ತಾಯ್ತು. ಹನ್ನೆರಡು ಗಂಟೇಲಿ ಹೋದಳು. ಲಸಿಕೆ ಹಾಕಿಸಿ ಅಂತ ಬೇಡಿಕೊಂಡು ಡಾಲ್ ಪತ್ರ ಬರೆದಿದ್ದು 1986ರಲ್ಲಿ.

ರಘು
😔 ಅದು ಬೇಜಾರಾಯ್ತು. ತಪ್ಪಾಯ್ತು. ಹೆಡ್‌ಮಾಸ್ಟರ್ ವಿಷಯ ಆದ್ರೂ ಅವನ ಪುಸ್ತಕದಲ್ಲೇ ಇದೆಯಲ್ಲ?

ಸುಧಾ
ಬಾಲ್ಯದ ಬಗ್ಗೆ ಅವನು ಬರೆದ ‘ಬಾಯ್’ನಲ್ಲಿ ಆ ಹೆಡ್‌ಮಾಸ್ಟರ್ ಕೈಲಿ ಏಟು ತಿನ್ನೋದು ಡಾಲ್ ಅಲ್ಲ, ಸ್ನೇಹಿತ ಮೈಕೆಲ್. ಒಂದು ಏಟು, ನಿಲ್ಲಿಸಿ ಪೈಪಿಗೆ ತಂಬಾಕು ತುಂಬೋದು, ಪಾಪದ ಬಗ್ಗೆ ಪ್ರವಚನ, ಇನ್ನೊಂದು ಏಟು. ಕೊನೆಗೆ ರಕ್ತ ಒರೆಸ್ಕೊಳ್ಳೋಕೆ ಬೋಗುಣಿ, ಸ್ಪಂಜು, ಟವೆಲ್.

ಮಂಜು
ಆ ಹೆಡ್‌ಮಾಸ್ಟರ್, ಮುಂದೆ ಆರ್ಚ್‌ಬಿಷಪ್ ಆಗಿ ರಾಣಿಗೆ ಕಿರೀಟ ತೊಡಿಸಿದ ಫಿಶರ್ ಅಲ್ಲವೇ ಅಲ್ಲ. ಫಿಶರ್ ಡಾಲ್ ಓದಿದ ರೆಪ್ಟನ್ ಶಾಲೆ ಬಿಟ್ಟಿದ್ದು 1932, ಹೊಡೆತ ಬಿದ್ದಿದ್ದು 1933. ಹೊಡೆದವನು ಆಮೇಲೆ ಬಂದ ಜಾನ್ ಕ್ರಿಸ್ಟಿ. ಟ್ರೆಗ್ಲೋನ್ ಬರೆದ ಡಾಲ್ ಜೀವನಚರಿತ್ರೆ ಇದನ್ನ ಬಯಲಿಗೆಳೀತು. ‘ಬಾಯ್’ ಬಂದಿದ್ದು 1984, ಫಿಶರ್ ಸತ್ತಿದ್ದು 1972. ಉತ್ತರ ಕೊಡೋಕೆ ಮನುಷ್ಯನೇ ಇಲ್ಲ. ಇದನ್ನ ಮರೆವು ಅಂತೀಯಾ ಸುಧಾ?

ಸುಧಾ
ಇದು ಆತ್ಮಕಥೆ ಅಲ್ಲ ಅಂತ ಮೊದಲ ಪುಟದಲ್ಲೇ ಹೇಳ್ಕೊಂಡಿದ್ದಾನೆ.

ಮಂಜು
ಹೇಳ್ಕೊಂಡು ನಿಜವಾದ ಆರ್ಚ್‌ಬಿಷಪ್‌ನ ಗುರುತು ಹಾಕ್ಬಹುದಾ? ಅಮ್ಮನಿಗೆ ಬರೆದ 600ಕ್ಕೂ ಹೆಚ್ಚು ಕಾಗದ ಕೈಲಿತ್ತು. ವರ್ಷ ನೋಡ್ಕೊಳ್ಳೋಕೆ ಏನು ಕಷ್ಟ?

ಸುಧಾ
ಸಮರ್ಥನೆ ಅಲ್ಲ, ನನ್ನ ಊಹೆ ಹೇಳ್ತೀನಿ. ಒಲಿವಿಯಾ ಹೋದಾಗ ಸಮಾಧಾನ ಹುಡುಕಿಕೊಂಡು ಹೋಗಿದ್ದು ಇದೇ ಫಿಶರ್ ಹತ್ರ. ಮಗು ಸ್ವರ್ಗದಲ್ಲಿದೆ, ಅದರ ನಾಯಿ ಮಾತ್ರ ಅಲ್ಲಿಗೆ ಬರಲ್ಲ ಅಂದನಂತೆ. ಆ ಮುಖ ಡಾಲ್ ಮರೀಲಿಲ್ಲ. ಬೇರೆಯವನ ಬೆತ್ತಾನ ಆ ಕೈಗೆ ಕೊಟ್ಟ.

ಮಂಜು
ಊಹೆ ಚೆನ್ನಾಗಿದೆ. ಆದ್ರೂ ಸುಳ್ಳು ಸುಳ್ಳೇ.

ಡಾ. ಪ್ರಕಾಶ್
ನನ್ನ ಓಟು ಮಂಜುಗೆ.

ರಘು
ಸರಿ, ಎಲ್ಲ ತಿದ್ದಿ ಮತ್ತೆ ಹಾಕ್ತೀನಿ. ಫೋಟೋ ಅದೇ ಇರ್ಲಾ?

ಮಂಜು
ಬೇಡ ಮಾರಾಯ. ಅದು ಸ್ಪಿಟ್‌ಫೈರ್. ಗ್ಲಾಡಿಯೇಟರ್‌ಗೆ ಮೇಲೊಂದು ಕೆಳಗೊಂದು ರೆಕ್ಕೆ. ಗ್ರೀಸಲ್ಲಿ ಅವನು ಹಾರಿಸಿದ್ದು ಹರಿಕೇನ್.