ಕೀಟೋನ್ ಸೆನ್ಸರ್ ನಿಜಕ್ಕೂ ಬೇಕಾ?

ಪಂಪ್‌ಅಮ್ಮ: ಮಗಳಿಗೆ 11 ವರ್ಷ, ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ಪಂಪ್ ಇದೆ. ಹೋದ ವಾರ ರಾತ್ರಿ ಕ್ಯಾನುಲಾ (ಪಂಪ್‌ನಿಂದ ಇನ್ಸುಲಿನ್ ಒಳಗೆ ಬಿಡುವ ಸಣ್ಣ ನಳಿಕೆ) ಚರ್ಮದೊಳಗೇ ಮಡಚಿಕೊಂಡಿತ್ತು, ಪಂಪ್ ಕಿಮಕ್ ಅನ್ನಲಿಲ್ಲ. ಗ್ಲೂಕೋಸ್ ಸೆನ್ಸರ್ ಕೂಗಬೇಕಿತ್ತು, ಆದರೆ ನಿದ್ದೆ ಕೆಡುತ್ತೆ ಅಂತ ನಾನೇ ಅಲಾರಂ 300ಕ್ಕೆ ಇಟ್ಟಿದ್ದೆ. ಬೆಳಿಗ್ಗೆ ಶುಗರ್ 270, ಹೊಟ್ಟೆ ತೊಳಸುತ್ತಿದೆ ಅಂದಳು. ಬೆರಳು ಚುಚ್ಚಿ ನೋಡಿದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ರಕ್ತಕ್ಕೆ ಸೇರುವ ಆಮ್ಲ) 2.1! ಡಾಕ್ಟರಿಗೆ ಫೋನ್ ಮಾಡಿ, ಪೆನ್ನಿನಲ್ಲಿ ಇನ್ಸುಲಿನ್ ಕೊಟ್ಟು, ಪಂಪ್‌ನ ನಳಿಕೆ ಸೆಟ್ ಬದಲಿಸಿದ ಮೇಲೆ ಮಧ್ಯಾಹ್ನಕ್ಕೆ ಇಳಿಯಿತು. ಮೈಮೇಲೇ ಇದ್ದು ಕೀಟೋನ್ ನೋಡುವ ಸೆನ್ಸರ್ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ?

ಹಳೇಟೈಪ್‌ಒನ್: ಗೊತ್ತಾಗುತ್ತಿತ್ತು. ಪಂಪ್‌ನಲ್ಲಿ ಇರೋದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ, ಅದು ನಿಂತರೆ ಕೆಲವೇ ಗಂಟೆಗಳಲ್ಲಿ ದೇಹ ಕೊಬ್ಬು ಕರಗಿಸೋಕೆ ಶುರು ಮಾಡುತ್ತದೆ, ಕೀಟೋನ್ ಏರುತ್ತದೆ. ಶುಗರ್ ನೋಡಿ ಇದನ್ನು ಅಂದಾಜು ಮಾಡೋಕಾಗಲ್ಲ. ಗ್ಲಿಫ್ಲೋಜಿನ್ ಜಾತಿಯ ಮಾತ್ರೆ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಂಥದ್ದು) ತಗೊಳ್ಳುವವರಿಗಂತೂ ಶುಗರ್ 200 ದಾಟದೆಯೂ ಕೀಟೋಆಸಿಡೋಸಿಸ್ (ಕೀಟೋನ್ ಹೆಚ್ಚಾಗಿ ರಕ್ತ ಆಮ್ಲೀಯವಾಗುವ, ಜೀವಕ್ಕೇ ಅಪಾಯದ ಸ್ಥಿತಿ) ಆಗಬಹುದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಲ್ಯಾಬ್‌ಹುಳ: ಕೀಟೋನ್ ಸೆನ್ಸರ್ ಕೆಲಸ ಮಾಡುವ ರೀತಿ ಗ್ಲೂಕೋಸ್ ಸೆನ್ಸರಿನದೇ. ಚರ್ಮದ ಕೆಳಗೆ ಕೂದಲಿನಂಥ ತಂತಿ, ಅದರ ಮೇಲೆ ಕಿಣ್ವ. ಜೀವಕೋಶಗಳ ಸುತ್ತಲಿನ ದ್ರವದಲ್ಲಿರುವ ಬೀಟಾ ಹೈಡ್ರಾಕ್ಸಿಬ್ಯುಟರೇಟ್ ಎಂಬ ಮುಖ್ಯ ಕೀಟೋನ್ ಅನ್ನು ಅದು ಅಳೆಯುತ್ತದೆ, ಹಾಗಾಗಿ ರಕ್ತಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಕೀಟೋನ್ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 0.6ರ ಒಳಗಿದ್ದರೆ ತೊಂದರೆ ಇಲ್ಲ. 1.5 ದಾಟಿದರೆ ಅಪಾಯ ಹತ್ತಿರ, 3 ಅಂದರೆ ತಕ್ಷಣ ಆಸ್ಪತ್ರೆ. ವಾಂತಿ ನಿಲ್ಲದಿದ್ದರೆ 3 ಆಗೋವರೆಗೂ ಕಾಯಬೇಡಿ. ನನಗೆ ಮುಖ್ಯ ಅನ್ನಿಸೋದು ಗೆರೆ ಯಾವ ಕಡೆ ಹೋಗುತ್ತಿದೆ ಅನ್ನೋದು, ಏಕೆಂದರೆ ಬೆರಳು ಚುಚ್ಚಿದಾಗ ಸಿಗುವ 0.9 ಏರುತ್ತಿರುವ 0.9ಆ, ಇಳಿಯುತ್ತಿರುವ 0.9ಆ ಅಂತ ಹೇಗೆ ಹೇಳ್ತೀರಿ? ಮೂತ್ರದ ಪಟ್ಟಿ ಇನ್ನೂ ಮೋಸ. ಅದು ನೋಡೋದು ಅಸಿಟೋಅಸಿಟೇಟ್ ಎಂಬ ಇನ್ನೊಂದು ಕೀಟೋನ್, ಅದೂ ಗಂಟೆಗಳ ಹಿಂದಿನದು. ರಕ್ತದಲ್ಲಿ ಇಳಿದ ಮೇಲೂ ಪಟ್ಟಿ ಕಡು ನೇರಳೆಯಾಗೇ ಇದ್ದು ಸುಮ್ನೆ ಹೆದರಿಸುತ್ತದೆ.

ನಿದ್ದೆಗೇಡಿ: ಇನ್ನೊಂದು ಅಲಾರಂ ಬೇರೆ! ಇರೋದಕ್ಕೇ ನಾವು ಏಳಲ್ಲ. ಇನ್ಸುಲಿನ್ ಇಲ್ಲದೆ, ಆ ಗ್ಲಿಫ್ಲೋಜಿನ್ ಕೂಡ ಇಲ್ಲದೆ ಬರೀ ಬೇರೆ ಮಾತ್ರೆಯಲ್ಲಿರುವ ಟೈಪ್ 2ನವರಿಗೆ ಇದು ಹೆಚ್ಚಿನಂಶ ಬೇಕಾಗಲ್ಲ. ಆದರೆ ಪಂಪ್ ಹಾಕಿದ ಮಗುವಿಗೆ ಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ. ಸೆನ್ಸರ್ ಸಿಗೋವರೆಗೆ ಒಂದು ಮಾಡಿ, ಕೀಟೋನ್ ಸ್ಟ್ರಿಪ್‌ನ ಎಕ್ಸ್‌ಪೈರಿ ನೋಡಿ. ಅಪರೂಪಕ್ಕೆ ಬಳಸೋದಲ್ವಾ, ಬೇಕಾದಾಗ ಡೇಟ್ ಮುಗಿದಿರುತ್ತದೆ.

ಪಂಪ್‌ಅಮ್ಮ: ಈಗ ತಾನೇ ಡಬ್ಬ ತೆಗೆದು ನೋಡಿದೆ. ಉಳಿದಿರೋದು ಒಂದೇ ಸ್ಟ್ರಿಪ್, ಅದೂ ಮುಂದಿನ ತಿಂಗಳಿಗೆ ಮುಗಿಯುತ್ತೆ. ಅಲಾರಂ 220ಕ್ಕೆ ಇಳಿಸಿದೆ. ಸೆನ್ಸರ್ ವಿಷಯ ಮುಂದಿನ ಸಲ ಡಾಕ್ಟರ್ ಹತ್ತಿರ ಕೇಳ್ತೀನಿ.