ಸಹಾಯ ಬೇಕು: ಸಜ್ಜಿ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತಿದೆ

ನಮ್ಮದು ಬಾಗಲಕೋಟೆ ಕಡೆ, ಈಗ ಇರೋದು ಬೆಂಗಳೂರಲ್ಲಿ. ಚಳಿಗಾಲ ಬಂದರೆ ಊರಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಇದ್ದೇ ಇರುತ್ತಿತ್ತು. ಈ ಸಂಕ್ರಾಂತಿಗೆ ಮಕ್ಕಳಿಗೂ ಆ ರುಚಿ ತೋರಿಸಬೇಕು ಅಂತ ತುಂಬಾ ಆಸೆ.

ಆದರೆ ಹಿಟ್ಟಿಗೆ ಜಿಗಿನೇ ಬರುತ್ತಿಲ್ಲ. ಅಂಗೈ ಅಗಲ ಬಡಿಯುವಷ್ಟರಲ್ಲಿ ಅಂಚು ಬಿರಿಯುತ್ತದೆ. ಎತ್ತಿ ಹಂಚಿಗೆ ಹಾಕುವಾಗ ತುಂಡಾಗುತ್ತದೆ.

ಸಜ್ಜಿ ಹಿಟ್ಟು ಹಳೆಯದಾದರೆ ಕಹಿಯಾಗುತ್ತೆ ಅಲ್ವಾ, ಅದಕ್ಕೇ ಗಿರಣಿಯಲ್ಲಿ ಹೊಸದಾಗಿ ಬೀಸಿಸಿದೆ. ಬಿಸಿನೀರು ಹಾಕಿ ಚೆನ್ನಾಗಿ ನಾದಿದೆ. ಗೋಧಿ ಹಿಟ್ಟು ಬೆರೆಸಿದರೆ ಒಡೆಯಲ್ಲ, ಆದರೆ ಆ ರುಚಿ ಹೋಗುತ್ತೆ. ಅವ್ವನನ್ನು ಕೇಳಿದರೆ "ಎಸರು ಹಾಕಿ ನಾದು, ತಾನೇ ಬರ್ತದ" ಅನ್ನುತ್ತಾಳೆ. (ಎಸರು ಅಂದರೆ ಕುದಿಸಿದ ನೀರು.)

ಬರೀ ಸಜ್ಜಿ ಹಿಟ್ಟಿಂದ ಮಾಡುವವರು ಹೇಳಿ: ಒಂದು ಬಟ್ಟಲು ಹಿಟ್ಟಿಗೆ ಎಸರು ಎಷ್ಟು? ಕುದಿಯುವ ಎಸರಿಗೇ ಹಿಟ್ಟು ಸುರಿದು ಮುಚ್ಚಿಡಬೇಕಾ, ಇಲ್ಲ ಹಿಟ್ಟಿನ ಮೇಲೆ ಎಸರು ಹಾಕಿ ತಕ್ಷಣ ನಾದಬೇಕಾ?