ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ತೆಗೆದುಕೊಂಡವರು ಹೇಳಿ

ಪ್ರಶ್ನೆ, ಡೊಂಬಿವಿಲಿಯಿಂದ: ನನಗೆ 49. ಮುಟ್ಟು ನಿಂತು ವರ್ಷ ದಾಟಿತು. ರಾತ್ರಿ ಬೆವರಿ ನೈಟಿ ಬದಲಿಸುವುದೇ ಆಗಿದೆ. ಲೋಕಲ್ ರೈಲಿನಲ್ಲಿ ನಿಂತಾಗ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗುತ್ತದೆ. ಡಾಕ್ಟರ್ ಹಾರ್ಮೋನ್ ಶುರು ಮಾಡೋಣ ಅಂದಿದ್ದಾರೆ. ಅತ್ತಿಗೆ ಕ್ಯಾನ್ಸರ್ ಬರುತ್ತದೆ, ಬೇಡ ಅನ್ನುತ್ತಾರೆ. ಏನು ಮಾಡಲಿ?

ಮುಲುಂಡ್‌ನಿಂದ: ತಂಗಿ, ನಾನು 50ಕ್ಕೆ ಶುರು ಮಾಡಿದೆ. ಈಸ್ಟ್ರೊಜೆನ್ ಅನ್ನುವ ಹಾರ್ಮೋನಿನ ಜೆಲ್ ಮೈಗೆ ಹಚ್ಚಿಕೊಳ್ಳುತ್ತೇನೆ, ಮಲಗುವಾಗ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್ ಮಾತ್ರೆ. ಕೆಲವೇ ವಾರಗಳಲ್ಲಿ ಬೆವರು ಇಳಿಯಿತು, ನಿದ್ದೆ ಬಂತು. ನಿದ್ದೆ ಬಂದ ಮೇಲೆ ಸಿಡುಕೂ ಕಡಿಮೆಯಾಯಿತು.

ನಿಮ್ಮ ಅತ್ತಿಗೆಯ ಭಯ ಸುಮ್ನೆ ಹುಟ್ಟಿದ್ದಲ್ಲ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಎರಡೂ ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡಿತ್ತು. ಆದರೆ ಎಷ್ಟು ಜಾಸ್ತಿ ಅಂತ ಯಾರೂ ಹೇಳುವುದಿಲ್ಲ. ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಹೆಂಗಸರಲ್ಲಿ ಸುಮಾರು 30 ಜನಕ್ಕೆ ಬರುವ ಕಡೆ 38 ಜನಕ್ಕೆ ಬಂತು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅದೇ ಅಧ್ಯಯನದಲ್ಲಿ ಸೊಂಟದ ಮೂಳೆ ಮುರಿಯುವುದು ಕಡಿಮೆಯಾಗಿತ್ತು. 60ರೊಳಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಅಂತ ಈಗ ತಜ್ಞರು ಹೇಳುತ್ತಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜೆಲ್, ಮೈಗೆ ಅಂಟಿಸುವ ಪ್ಯಾಚ್‌ನಲ್ಲಿ ಕಡಿಮೆ.

ಒಂದು ಮಾತು ಮರೆಯಬೇಡಿ. ಗರ್ಭಕೋಶ ಇದ್ದವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳಬಾರದು, ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಪ್ರೊಜೆಸ್ಟರಾನ್ ಇರುವುದು ಅದಕ್ಕೇ. ಅದನ್ನು ನಿಮ್ಮಷ್ಟಕ್ಕೆ ಬಿಡಬೇಡಿ.

ಪುಣೆಯಿಂದ: ನನಗೆ ಇದು ಆಗಲಿಲ್ಲ. ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು, ಕೇಳಿದ ತಕ್ಷಣ ಡಾಕ್ಟರ್ ಬೇಡ ಅಂದರು. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಲಿವರ್ ತೊಂದರೆ ಇರುವವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲವಂತೆ. ನನಗೆ ವೆನ್ಲಾಫ್ಯಾಕ್ಸಿನ್ ಸಣ್ಣ ಡೋಸ್‌ನಲ್ಲಿ ಕೊಟ್ಟರು. ಅದು ಖಿನ್ನತೆಯ ಮಾತ್ರೆ ಅಂತ ಮನೆಯವರು ಗಾಬರಿಯಾದರು, ಆದರೆ ಮೈ ಬಿಸಿಯಾಗುವುದಕ್ಕೂ ಅದನ್ನು ಕೊಡುತ್ತಾರೆ. ಪೂರ್ತಿ ಹೋಗಲಿಲ್ಲ, ತಡೆದುಕೊಳ್ಳುವಷ್ಟಾಯಿತು. ಹಾಗಾಗಿ ನಿಮ್ಮ ಹಳೆಯ ಕಾಯಿಲೆ, ತಾಯಿ ಅಕ್ಕತಂಗಿಯರ ಕಾಯಿಲೆ, ಎಲ್ಲ ಬಿಚ್ಚಿ ಹೇಳಿ.

ವಾಸ್ಕೊದಿಂದ: ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ ಅಕ್ಕ. ನನಗೆ ಬೆವರಿನ ಕಾಟ ಇರಲಿಲ್ಲ. ಯೋನಿ ಒಣಗಿ ಉರಿ, ಮತ್ತೆ ಮತ್ತೆ ಮೂತ್ರದ ಸೋಂಕು. ಗಂಡನಿಗೂ ಹೇಳಲು ಸಂಕೋಚ, ಎಷ್ಟೋ ಕಾಲ ಸುಮ್ಮನೆ ಸಹಿಸಿದೆ. ಅದಕ್ಕೆ ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇದನ್ನೂ ಕೇಳಿ ನೋಡಿ.

ಮುಲುಂಡ್‌ನಿಂದ, ಮತ್ತೆ: ಶುರು ಮಾಡುವ ಮುಂಚೆ ಬಿಪಿ ನೋಡಿಸಿ, ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಬೇಕಾ ಅಂತಲೂ ಕೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ಈಗಾಗಲೇ ಒಂದು ಸಲವಾದರೂ ರಕ್ತ ಕಂಡಿದ್ದರೆ, ಮೊದಲು ಅದರ ಕಾರಣ ಪತ್ತೆಯಾಗಲಿ. ಆಮೇಲೆ ಹಾರ್ಮೋನ್ ಮಾತು. ಅತ್ತಿಗೆಯನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅವರ ಭಯವನ್ನು ಅವರೇ ಕೇಳಲಿ.